ಅತ್ತಿಗೆಯರ ಮನೆಗೆ ಬೆಂಕಿ: ‘ಅಣ್ಣನ್ಮಾರ್ ಕಥೆ’ಯಿಂದ ‘ನಂದಿನಿ’ಯವರೆಗೆ ಕೇಳುಗರ ಸಿಟ್ಟಿನ ಚರಿತ್ರೆ

(ಆನ್‌ಲೈನ್ ವಿಚಾರ ಸಂಕಿರಣದ ಮಾತುಗಳ ಬರಹರೂಪ)

ನನ್ನ ಮಾತು ಒಂದು ಸಣ್ಣ ಸಿಟ್ಟಿನಿಂದ ಶುರುವಾಗುತ್ತೆ.

2017ರ ಜನವರಿಯಲ್ಲಿ ‘ನಂದಿನಿ’ ಧಾರಾವಾಹಿ ಸನ್ ಟಿವಿಯಲ್ಲಿ ತಮಿಳಿನಲ್ಲೂ ಉದಯ ಟಿವಿಯಲ್ಲಿ ಕನ್ನಡದಲ್ಲೂ ಬಂತು. ಸುಂದರ್ ಸಿ. ಅವರ ಕಥೆ, ಸೇಡಿಗೆ ಬರುವ ನಾಗಿಣಿ, ಒಂದು ದೊಡ್ಡ ಮನೆತನ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ದೇವಾಂಗ ಮತ್ತು ಒಕ್ಕಲಿಗ ಕುಟುಂಬಗಳಿವೆ. ಅಂಥದೊಂದು ಮನೆಯಲ್ಲಿ ಕೂತು ನಾನು ಇದನ್ನ ನೋಡಿದ್ದು. ಹಾವು ಹೆಣ್ಣಾಗೋದಕ್ಕೆ ನಮ್ಮ ಅತ್ತೆಯದು ಏನೂ ತಕರಾರಿರಲಿಲ್ಲ. ಅವರು ಬೈತಿದ್ದದ್ದು ಮನುಷ್ಯರನ್ನ: “ಗೊತ್ತಿದ್ದೂ ಬಾಯಿ ಬಿಡಲ್ವಲ್ಲ ಇವರು!”

ಈ ಸಿಟ್ಟು ಟಿವಿಯ ಜೊತೆ ಬಂದದ್ದಲ್ಲ ಅನ್ನೋದು ನನ್ನ ವಾದ. ಅದಕ್ಕೆ ಇದೇ ನೆಲದ ‘ಅಣ್ಣನ್ಮಾರ್ ಕಥೆ’ಯನ್ನ ನೋಡೋಣ. ಉಡುಕ್ಕೈ ವಾದ್ಯದ ಜೊತೆ ರಾತ್ರಿಗಟ್ಟಲೆ ಹಾಡುವ ಕೊಂಗುನಾಡಿನ ಮಹಾಕಾವ್ಯ ಇದು. ಕೆನಡಾದ ಮಾನವಶಾಸ್ತ್ರಜ್ಞೆ ಬ್ರೆಂಡಾ ಬೆಕ್ 1965ರಲ್ಲಿ ಕಾಂಗೇಯಂ ಬಳಿಯ ಓಲಪ್ಪಾಳಯದಲ್ಲಿ ಇದನ್ನು ಧ್ವನಿಮುದ್ರಿಸಿಕೊಂಡರು. 2009ರಲ್ಲಿ ತಿರುಪ್ಪೂರು ಜಿಲ್ಲೆಯಾದಾಗ ಕಾಂಗೇಯಂ ಅದಕ್ಕೆ ಸೇರಿತು. ಬೆಕ್ ಅವರ ‘ದ ತ್ರೀ ಟ್ವಿನ್ಸ್’ 1982ರಲ್ಲಿ ಬಂತು. ಮುಂದೆ ಅವರೇ ಈ ಕಥೆಯನ್ನು 26 ಕಂತುಗಳ ಅನಿಮೇಷನ್ ಸರಣಿಯಾಗಿಸಿದರು.

ಕಥೆಯ ಬೇರು ಜಮೀನಿನ ಜಗಳ. ಅನಾಥನಾದ ಕುನ್ನುಡೈಯಾನನ್ನು ದಾಯಾದಿಗಳು ಹಿಂಸಿಸುತ್ತಾರೆ. ಅವನು ಊರು ಬಿಟ್ಟು, ತಾಮರೈಯನ್ನು ಮದುವೆಯಾಗಿ, ಮರಳಿ ಬಂದು ತನ್ನ ನೆಲ ಕೇಳುತ್ತಾನೆ. ಮಕ್ಕಳಿಗಾಗಿ ತಾಮರೈ ಶಿವನನ್ನು ಕುರಿತು ತಪಸ್ಸು ಮಾಡುತ್ತಾಳೆ. ಹುಟ್ಟಿದವರು ಪೊನ್ನರ್, ಶಂಕರ್, ತಂಗಿ ತಂಗಾಳ್. ಪೊನ್ನರ್ ಶಾಂತ, ಶಂಕರ್ ಮುಂಗೋಪಿ. ಇಬ್ಬರೂ ಮದುವೆಯಾಗುತ್ತಾರೆ, ಆದರೆ ಹೆಂಡತಿಯರ ಜೊತೆ ಸಂಸಾರ ಮಾಡುವುದಿಲ್ಲ. ಅವರನ್ನು ಬೇರೆಯೇ ಇಡುತ್ತಾರೆ. ಮಾಯಾಹಂದಿಯ ಬೇಟೆ, ಬೇಡರೊಂದಿಗೆ ಯುದ್ಧ, ಕೊನೆಗೆ ಅಣ್ಣತಮ್ಮಂದಿರ ಸಾವು. ಆಮೇಲೆ ತಂಗಾಳ್ ಅತ್ತಿಗೆಯರಿದ್ದ ಮನೆಗೇ ಬೆಂಕಿ ಹಚ್ಚಿ, ಅಣ್ಣಂದಿರನ್ನು ಹುಡುಕುತ್ತಾ ಕಾಡಿಗೆ ಹೊರಡುತ್ತಾಳೆ.

ಇಲ್ಲಿ ಯಾರಿಗಾದರೂ ಕೇಳಬೇಕು ಅನ್ಸುತ್ತೆ: ಆ ಹೆಣ್ಣುಮಕ್ಕಳು ಮಾಡಿದ ತಪ್ಪೇನು? ಕಥೆ ಉತ್ತರ ಕೊಡೋದಿಲ್ಲ. ಆದರೆ ಮುಚ್ಚಿಡೋದೂ ಇಲ್ಲ. ಕುಲದ ನೆಲ ಉಳಿಸುವ ಹೋರಾಟದಲ್ಲಿ ಅಣ್ಣ–ತಂಗಿ ರಕ್ತವೇ ಎಲ್ಲ. ಹೊರಗಿಂದ ಬಂದ ಸೊಸೆ ಯಾವ ಲೆಕ್ಕಕ್ಕೂ ಇಲ್ಲ. ಈ ನಿರ್ಧಾರಗಳು ನಮ್ಮನ್ನು ರೇಗಿಸೋದು ಅವು ಅಸಹಜ ಅಂತ ಅಲ್ಲ, ತೀರಾ ಪರಿಚಿತ ಅಂತ. ಕನ್ನಡದ ‘ಕೆರೆಗೆ ಹಾರ’ವನ್ನ ನೆನಪಿಸಿಕೊಳ್ಳಿ. ಅಲ್ಲೂ ಕಿರಿ ಸೊಸೆ ಭಾಗೀರಥಿಯನ್ನ ಬಲಿ ಕೊಡುವುದನ್ನು ಹಿರಿಯರು ತೀರ್ಮಾನಿಸುತ್ತಾರೆ. ತವರಿಗೆ ಹೋದ ಅವಳು ಹೆತ್ತವರಿಗೆ ನಿಜ ಹೇಳುವುದಿಲ್ಲ, ಗೆಳತಿಗಷ್ಟೇ ಹೇಳುತ್ತಾಳೆ.

ಹಾಗಾದ್ರೆ ವ್ಯತ್ಯಾಸ ಎಲ್ಲಿದೆ? ಸಿಟ್ಟು ಹೋಗಿ ಸೇರುವ ಜಾಗದಲ್ಲಿ. ಅಣ್ಣನ್ಮಾರ್ ಉತ್ಸವದ ‘ಪಡುಕಳಂ’ ಆಚರಣೆಯಲ್ಲಿ ಆವೇಶ ಬಂದವರು ಸತ್ತ ವೀರರಂತೆ ನೆಲಕ್ಕೆ ಬೀಳುತ್ತಾರೆ, ಮತ್ತೆ ಅವರನ್ನು ಎಬ್ಬಿಸಲಾಗುತ್ತೆ. ಊರೆಲ್ಲ ಒಟ್ಟಿಗೆ ಅಳುತ್ತೆ, ಒಟ್ಟಿಗೆ ಎದ್ದು ಮನೆಗೆ ಹೋಗುತ್ತೆ. ಧಾರಾವಾಹಿಗೆ ಆ ಅನುಕೂಲ ಇಲ್ಲ. ಗುಟ್ಟು ಇವತ್ತೇ ಹೊರಬಿದ್ದರೆ ನಾಳೆಯ ಕಂತು ಇಲ್ಲ. ಹಾಗಾಗಿ ಪಾತ್ರಗಳು ಬಾಯಿ ಮುಚ್ಚಿಕೊಂಡಿರಲೇಬೇಕು, ಸಿಟ್ಟು ನಮ್ಮಲ್ಲೇ ಉಳಿಯಬೇಕು.

ಸಂವಾದದಿಂದ ಒಂದು ಪ್ರಶ್ನೆ: “ಇದನ್ನೆಲ್ಲ ಬರೀ ಮನರಂಜನೆ ಅನ್ನಬಾರದಾ?”

ಅನ್ನಬಹುದು. ಆದರೆ ಅತ್ತೆಗೆ ನಾನು ತಂಗಾಳ್ ಕಥೆ ಹೇಳಿದಾಗ ಅವರು ಟಿವಿಯ ದನಿ ತಗ್ಗಿಸಿ ಕೇಳಿದ್ರು: “ಬೆಂಕಿ ಹಚ್ಚೋಕ್ ಮುಂಚೆ ಬಾಗಿಲು ತೆಗೀಲಿಲ್ವಾ ಅವಳು?” ನಮ್ಮ ಜನಪದ ಅಧ್ಯಯನ ಹಾಡಿದವರನ್ನ ಚೆನ್ನಾಗಿ ದಾಖಲಿಸಿದೆ. ಕೇಳಿ ರೇಗಿದವರನ್ನೂ ಇನ್ನು ಮುಂದೆ ದಾಖಲಿಸಬೇಕು.