ಮೀಟರಿಗೆ ಸಿಗದ ಎತ್ತರ: ಉಡುಪಿ–ಕಡೂರು ಅಡ್ಡಗೆರೆಯಲ್ಲಿ ನೆಲ, ಮೋಡ ಮತ್ತು ಜೀವಸಂಕುಲ

ಉಡುಪಿಯ ಕಡಲದಂಡೆಯಿಂದ ಕಡೂರಿನ ಬಯಲಿಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಅದರ ಉದ್ದ ಸುಮಾರು 140 ಕಿಲೋಮೀಟರ್. ಗೆರೆ ಸಮುದ್ರಮಟ್ಟದಿಂದ ಹೊರಟು, ಘಟ್ಟದ ಬುಡದವರೆಗೂ ತಗ್ಗಿನಲ್ಲೇ ಸಾಗಿ, ಆಗುಂಬೆಯ ಆಸುಪಾಸಿನಲ್ಲಿ ಒಮ್ಮೆಲೇ 650 ಮೀಟರಿಗೆ ಏರುತ್ತದೆ. ಶೃಂಗೇರಿ, ಕೊಪ್ಪ ಸೀಮೆಯ ಏರಿಳಿತ ದಾಟಿ ಚಂದ್ರದ್ರೋಣ ಶ್ರೇಣಿಯಲ್ಲಿ 1,900 ಮೀಟರ್ ಮೀರುತ್ತದೆ. ಆಮೇಲೆ ಬಯಲುಸೀಮೆಗೆ ಇಳಿದು ಮುಗಿಯುತ್ತದೆ. ಚಂದ್ರದ್ರೋಣದ ಮುಳ್ಳಯ್ಯನಗಿರಿಯ ಸುಮಾರು 1,930 ಮೀಟರ್ ಕರ್ನಾಟಕದ ಅತಿ ಹೆಚ್ಚಿನ ಎತ್ತರ. ಹಿಮಾಲಯದ ಲೆಕ್ಕದಲ್ಲಿ ಇದು ಬರಿಯ ತಪ್ಪಲು. ಆದರೂ ಈ ಗೆರೆಯುದ್ದಕ್ಕೂ ಬಾನೆತ್ತರದ ನಿತ್ಯಹರಿದ್ವರ್ಣ ಕಾಡು, ಹಾವಸೆ ಹೊದ್ದ ಗಿಡ್ಡ ಮರಗಳ ಶೋಲಾ, ಮರವೇ ಇಲ್ಲದ ಹುಲ್ಲುಬೆಟ್ಟ, ಮುಳ್ಳುಪೊದೆಯ ಕುರುಚಲು ಇವೆಲ್ಲ ಸಿಗುತ್ತವೆ. ಇಷ್ಟು ಸಣ್ಣ ಎತ್ತರ ಇಷ್ಟೊಂದು ಭೇದಗಳನ್ನು ಹೇಗೆ ಹುಟ್ಟಿಸಿತು ಎಂಬುದು ಈ ಲೇಖನದ ಪ್ರಶ್ನೆ. ಎತ್ತರ ತಾನೇ ಕಾರಣವಲ್ಲ, ಉಷ್ಣತೆ, ಮೋಡ, ಗಾಳಿ, ಮಣ್ಣಿನ ಆಳ, ಕಡಲಿನ ದೂರ ಇವು ಸಂಧಿಸುವ ತಾಣ ಅದು ಎಂಬುದು ನನ್ನ ವಾದ. ನಮ್ಮ ಘಟ್ಟಗಳಲ್ಲಿ ಆ ಸಂಧಿ ಬೇರೆಡೆಯದಕ್ಕಿಂತ ಬಿಗಿಯಾಗಿದೆ.

ಎತ್ತರಕ್ಕೂ ಜೀವಿಗಳಿಗೂ ಇರುವ ನಂಟಿನ ಅಧ್ಯಯನಕ್ಕೆ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಹಾಕಿದ ಬುನಾದಿ ಇಂದಿಗೂ ಗಟ್ಟಿ. 1802ರಲ್ಲಿ ಅವನು ಈಕ್ವೆಡಾರಿನ ಚಿಂಬೊರಾಸೊ ಪರ್ವತವನ್ನು ಏರಿ, ಯಾವ ಎತ್ತರದಲ್ಲಿ ಯಾವ ಸಸ್ಯ ಎಂಬುದನ್ನು ಒಂದೇ ಚಿತ್ರದಲ್ಲಿ ತೋರಿಸಿದ. ಅವನು ಭಾರತ ನೋಡಬೇಕೆಂದು ಬಹಳ ಹಂಬಲಿಸಿದ್ದ. ಈಸ್ಟ್ ಇಂಡಿಯಾ ಕಂಪನಿಯ ಒಪ್ಪಿಗೆ ದೊರೆಯಲಿಲ್ಲ. ಆದರೆ ಅವನ ಹೆಸರು ಇಲ್ಲಿಗೆ ಬಂದಿದೆ. ನಮ್ಮ ಘಟ್ಟದ ತಗ್ಗುಕಾಡುಗಳಲ್ಲಿ ಬೆಳೆಯುವ, ಟೊಳ್ಳು ಗೆಣ್ಣುಗಳಲ್ಲಿ ಇರುವೆಗಳಿಗೆ ಮನೆ ಕೊಡುವ ಹಂಬೋಲ್ಟಿಯಾ ಕುಲ ಅವನ ಹೆಸರನ್ನೇ ಹೊತ್ತಿದೆ. ಈ ಕುಲದ ಹಂಬೋಲ್ಟಿಯಾ ಬ್ರೂನೋನಿಸ್ ಎಂಬ ಮರ, ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯ ಜೆ. ಪಿ. ಪಾಸ್ಕಲ್ 1988ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ ಕೆಳಹಂತದ ಕಾಡಿನ ಗುರುತಿನ ಗಿಡಗಳಲ್ಲಿ ಒಂದು. ಸುಮಾರು 800 ಮೀಟರಿನವರೆಗೆ ಕೆಳಹಂತ, 1,400ರವರೆಗೆ ಮಧ್ಯಹಂತ, ಅದರಾಚೆ ಮೇಲುಹಂತ ಎಂದು ಪಾಸ್ಕಲ್ ವಿಂಗಡಿಸಿದರು. ಅವರು ಎತ್ತರದ ಜೊತೆಗೆ ಒಣ ತಿಂಗಳುಗಳ ಸಂಖ್ಯೆಯನ್ನೂ ಅಷ್ಟೇ ಮುಖ್ಯವಾಗಿ ಹಿಡಿದರು. ಈ ಎರಡನೆಯ ಅಳತೆಯನ್ನು ನಂತರ ಬಂದ ಹಲವು ಬರಹಗಳು ಮರೆತು, 1,400 ಎಂಬ ಅಂಕಿಯನ್ನು ಮಾತ್ರ ಉಳಿಸಿಕೊಂಡವು.

ಮೊದಲು ಉಷ್ಣತೆಯನ್ನು ನೋಡೋಣ. ಸಾವಿರ ಮೀಟರ್ ಏರಿದರೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ತಗ್ಗುತ್ತದೆ. ತೇವದ ಗಾಳಿಯಲ್ಲಿ ಈ ಇಳಿಕೆ ಇನ್ನಷ್ಟು ನಿಧಾನ. ಕರಾವಳಿಯ ವಾರ್ಷಿಕ ಸರಾಸರಿ ಸುಮಾರು 27 ಡಿಗ್ರಿ ಎಂದಿಟ್ಟುಕೊಂಡರೆ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಅದು 15ರ ಆಸುಪಾಸಿಗೆ ಬರಬೇಕು. ಗಾಳಿಯ ಒತ್ತಡವೂ ಅಲ್ಲಿ ಸಮುದ್ರಮಟ್ಟದ ಐದರಲ್ಲಿ ನಾಲ್ಕು ಪಾಲಿಗೆ ಇಳಿದಿರುತ್ತದೆ. ಆದರೆ ಆಮ್ಲಜನಕದ ಕೊರತೆ ನಮ್ಮ ಬೆಟ್ಟಗಳಲ್ಲಿ ಗಣನೀಯ ಸಂಗತಿಯಲ್ಲ, ಅದನ್ನು ಬದಿಗಿಡಬಹುದು.

ಹನ್ನೆರಡು ಡಿಗ್ರಿಯ ಅಂತರ ಒಂದು ಜೀವಿಗೆ ದೊಡ್ಡದೋ ಚಿಕ್ಕದೋ? 1967ರಲ್ಲಿ ಡ್ಯಾನಿಯಲ್ ಜಾನ್ಜೆನ್ ಇದಕ್ಕೆ ಕೊಟ್ಟ ಉತ್ತರ ಪರ್ವತ ಪರಿಸರವಿಜ್ಞಾನದ ದಿಕ್ಕನ್ನೇ ಬದಲಿಸಿತು. ಉಷ್ಣವಲಯದ ಜೀವಿಗೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹವೆ. ಆದ್ದರಿಂದ ಅದರ ಸಹಿಷ್ಣುತೆಯ ಹರವು ಕಿರಿದು. ಹೀಗಾಗಿ ಅಲ್ಲಿನ ಕಣಿವೆದಾರಿಯೊಂದು ಅದಕ್ಕೆ ಸಮಶೀತೋಷ್ಣವಲಯದ ಅಷ್ಟೇ ಎತ್ತರದ ಕಣಿವೆದಾರಿಗಿಂತ ದುರ್ಗಮ. ಇದನ್ನು ನಮ್ಮ ಗೆರೆಗೆ ಅನ್ವಯಿಸಿ ನೋಡಿ. ಮಂಗಳೂರಿನಲ್ಲಿ ಅತಿ ಬೆಚ್ಚಗಿನ ತಿಂಗಳಿಗೂ ಅತಿ ತಂಪಿನ ತಿಂಗಳಿಗೂ ಸರಾಸರಿಯ ವ್ಯತ್ಯಾಸ ಮೂರು ನಾಲ್ಕು ಡಿಗ್ರಿ ಮಾತ್ರ. ದೆಹಲಿಯಲ್ಲಿ ಅದು ಇಪ್ಪತ್ತರ ಹತ್ತಿರ. ಅಂದರೆ ಉತ್ತರದ ಬಯಲಿನ ಜೀವಿಯೊಂದು ಮುಳ್ಳಯ್ಯನಗಿರಿಯಷ್ಟು ಎತ್ತರವನ್ನು ಏರಿದರೂ ತಾನು ಪ್ರತಿ ವರ್ಷ ಉಂಡದ್ದಕ್ಕಿಂತ ಹೊಸ ಚಳಿಯನ್ನು ಕಾಣುವುದು ಅಪರೂಪ. ಕರಾವಳಿಯ ಜೀವಿಗೆ ಅದೇ ಏರು ಅದರ ವಾರ್ಷಿಕ ಅನುಭವದ ಮೂರು ಪಟ್ಟು ದೂರ. ಘಟ್ಟದ ಎತ್ತರವನ್ನು ಮೀಟರಿನಲ್ಲಿ ಅಳೆದು ಸಣ್ಣದು ಎನ್ನುವವರು ಜೀವಿಗಳ ಅಳತೆಗೋಲನ್ನು ಕೈಗೆತ್ತಿಕೊಂಡಿಲ್ಲ.

ಉಷ್ಣತೆಯೊಂದೇ ಆಗಿದ್ದರೆ ಕಾಡುಗಳು ಎತ್ತರಕ್ಕೆ ತಕ್ಕಂತೆ ಪಟ್ಟಿಪಟ್ಟಿಯಾಗಿ ಜೋಡಣೆಗೊಳ್ಳಬೇಕಿತ್ತು. ಹಾಗಾಗಿಲ್ಲ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಗಾಳಿ ಘಟ್ಟದ ಗೋಡೆಗೆ ಮೊದಲು ತಾಗುವಲ್ಲೇ ತನ್ನ ನೀರಿನ ಬಹುಪಾಲನ್ನು ಸುರಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ. ಅದರ ಮೂರು ಪಟ್ಟು ಎತ್ತರದ ಮುಳ್ಳಯ್ಯನಗಿರಿಗೆ ಅಷ್ಟು ಸಿಗುವುದಿಲ್ಲ, ಏಕೆಂದರೆ ಅದು ಕಡಲಿನಿಂದ ನೂರು ಕಿಲೋಮೀಟರ್ ಒಳಗಿದೆ. ಅದೇ ಬೆಟ್ಟದ ಬೆನ್ನಿಗಿರುವ ಕಡೂರಿನ ಬಯಲು ಕಾಣುವುದು ಆಗುಂಬೆಯ ಮಳೆಯ ಹತ್ತನೇ ಒಂದು ಪಾಲನ್ನಷ್ಟೇ. ಕಡೂರು ಆಗುಂಬೆಗಿಂತ ನೂರು ಮೀಟರಿನಷ್ಟು ಎತ್ತರದಲ್ಲಿದ್ದರೂ ಒಂದರಲ್ಲಿ ಧೂಪ, ಬಲಗಿ, ಹೆಬ್ಬಲಸು, ಇನ್ನೊಂದರಲ್ಲಿ ಜಾಲಿ. ಎತ್ತರದ ಅಂಕಿ ಇಲ್ಲಿ ಏನನ್ನೂ ಹೇಳುವುದಿಲ್ಲ. ಬೆಟ್ಟದ ಯಾವ ಮಗ್ಗುಲು ಎಂಬುದೇ ಎಲ್ಲವನ್ನೂ ಹೇಳುತ್ತದೆ.

ಮೇಲುಹಂತದಲ್ಲಿ ಮಳೆಗಿಂತ ಮಂಜು, ಗಾಳಿ ಹೆಚ್ಚು ಮಾತಾಡುತ್ತವೆ. ಕೆಳಗಿನ ಕಾಡಿನಲ್ಲಿ ಮೂವತ್ತೈದು ನಲವತ್ತು ಮೀಟರ್ ಬೆಳೆಯುವ ಮೇಲ್ಛಾವಣಿ ಶೋಲಾದಲ್ಲಿ ಹದಿನೈದು ಮೀಟರ್ ಮುಟ್ಟುವುದೂ ಕಷ್ಟ. ಎಲೆಗಳು ಚಿಕ್ಕವು, ದಪ್ಪ, ಚರ್ಮದಂತೆ ಬಿರುಸು. ನೇರಳೆ, ದಾಲ್ಚಿನ್ನಿ ಕುಲದ ಮರಗಳು ಕೊಡೆಯಂತೆ ಒತ್ತೊತ್ತಾಗಿ ನಿಂತು ಗಾಳಿಯನ್ನು ಜಾರಿಸುತ್ತವೆ. ಮೋಡದೊಳಗೆ ಮುಳುಗಿದ ಎಲೆ ನೀರನ್ನು ಆವಿಯಾಗಿಸುವುದು ಕಡಿಮೆ. ಬೇರಿನಿಂದ ಮೇಲೇರುವ ಲವಣವೂ ಹಾಗೆಯೇ ಕಡಿಮೆ. ಚಳಿಯಲ್ಲಿ ತರಗೆಲೆ ಕೊಳೆಯುವುದು ನಿಧಾನವಾದ್ದರಿಂದ ಇಂಗಾಲ ಮಣ್ಣಿನಲ್ಲೇ ಕೂಡಿಬಿದ್ದು ಮಣ್ಣು ಕಪ್ಪಾಗುತ್ತದೆ. ಇಂಥ ಗಿಡ್ಡಕಾಡು ನೀಲಗಿರಿ, ಆನೈಮಲೆಗಳಂಥ ಬೃಹತ್ ಗಿರಿರಾಶಿಗಳಿಗೆ ಹೋಲಿಸಿದರೆ ಕರ್ನಾಟಕದ ಕಿರಿದಾದ, ಕಡಲಿಗೆ ಹತ್ತಿರದ ಏಣುಗಳಲ್ಲಿ ಕೆಳಮಟ್ಟದಲ್ಲೇ ಆರಂಭವಾಗುತ್ತದೆ. 1,343 ಮೀಟರಿನ ಕೊಡಚಾದ್ರಿಯ ತುದಿಯಲ್ಲೇ ಅದರ ಲಕ್ಷಣಗಳಿವೆ. ದೊಡ್ಡ ಪರ್ವತಸಮೂಹ ತನ್ನ ಬಿಸಿಯನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ, ಒಂಟಿ ಬೆಟ್ಟಕ್ಕೆ ಆ ಶಕ್ತಿಯಿಲ್ಲ, ಅದರ ಮೋಡವೂ ಕೆಳಗೇ ಕಟ್ಟುತ್ತದೆ ಎಂಬುದು ಇದರ ವಿವರಣೆ. ಪಾಸ್ಕಲ್ ಕೊಟ್ಟ 1,400 ಮೀಟರ್ ಒಂದು ಸರಾಸರಿ. ಪ್ರತಿ ಬೆಟ್ಟವೂ ತನ್ನ ಗಾತ್ರಕ್ಕೆ ತಕ್ಕಂತೆ ಅದನ್ನು ಮೇಲೆ ಕೆಳಗೆ ಸರಿಸುತ್ತದೆ.

ಈಗ ಹುಲ್ಲುಗಾವಲಿನ ಪ್ರಶ್ನೆ. ಕಣಿವೆಯ ಮಡಿಲಲ್ಲಿ ಶೋಲಾ, ಏಣಿನ ಮೇಲೆ ಹುಲ್ಲು: ಕುದುರೆಮುಖ, ಚಂದ್ರದ್ರೋಣ, ಬ್ರಹ್ಮಗಿರಿಗಳ ಈ ನೋಟ ಎಲ್ಲರಿಗೂ ಪರಿಚಿತ. ಎತ್ತರದಿಂದಾಗಿ ಮರ ಬೆಳೆಯುತ್ತಿಲ್ಲ ಎಂಬ ಸುಲಭದ ಉತ್ತರ ನಿಲ್ಲುವುದಿಲ್ಲ. ಹಿಮಾಲಯದಲ್ಲಿ ಚಳಿಯಿಂದ ಮರ ನಿಲ್ಲುವ ಗೆರೆ ಸುಮಾರು 3,500 ಮೀಟರಿನಿಂದಾಚೆಗಿದೆ. ಇಡೀ ಪಶ್ಚಿಮಘಟ್ಟದ ಅತ್ಯುನ್ನತ ಶಿಖರ ಆನೈಮುಡಿಯೇ 2,695 ಮೀಟರ್. ಹಾಗಿದ್ದರೆ ಕಾರಣವೇನು? 1938ರಲ್ಲೇ ಇಬ್ಬರು ಅರಣ್ಯವಿಜ್ಞಾನಿಗಳು ನೀಲಗಿರಿಯನ್ನು ಕುರಿತು ಎದುರುಬದುರಾದರು. ಸಿ. ಆರ್. ರಂಗನಾಥನ್ ಅವರ ಪ್ರಕಾರ ಚಳಿಗಾಲದ ಇಬ್ಬನಿಗಡ್ಡೆ ಬಯಲಿನಲ್ಲಿ ಮೊಳೆತ ಶೋಲಾ ಸಸಿಗಳನ್ನು ಸುಡುತ್ತದೆ, ಆದ್ದರಿಂದ ಹುಲ್ಲು ಅಲ್ಲಿಗೆ ಸಹಜ. ಎನ್. ಎಲ್. ಬೋರ್ ಅವರ ಪ್ರಕಾರ ಬೆಂಕಿ ಮತ್ತು ಮೇವು, ಅಂದರೆ ಮನುಷ್ಯ, ಕಾಡನ್ನು ಹುಲ್ಲಾಗಿಸಿದ. ಈ ವಿವಾದಕ್ಕೆ ಹೊಸ ಸಾಕ್ಷ್ಯ ಬಂದದ್ದು 1993ರಲ್ಲಿ. ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗಿನ ಪೀಟ್ ಮಣ್ಣಿನಲ್ಲಿ ಇಂಗಾಲದ ಐಸೊಟೋಪುಗಳನ್ನು ಅಳೆದು, ಹಿಂದಿನ ಹಿಮಯುಗದ ತುತ್ತತುದಿಯಲ್ಲಿ, ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ, ಅಲ್ಲಿ ಒಣಹವೆಯ ಹುಲ್ಲುಗಳೇ ಮೇಲುಗೈ ಪಡೆದಿದ್ದವೆಂದೂ, ಹತ್ತು ಸಾವಿರ ವರ್ಷಗಳ ಆಸುಪಾಸಿನಲ್ಲಿ ಮುಂಗಾರು ಬಲಗೊಂಡಾಗ ಬೇರೆ ಬಗೆಯ ಸಸ್ಯಗಳು ಹಬ್ಬಿದವೆಂದೂ ತೋರಿಸಿದರು. ನೇಗಿಲಿಗೂ ಕೊಡಲಿಗೂ ಮುಂಚೆಯೇ ಅಲ್ಲಿ ಹುಲ್ಲಿತ್ತು.

ಈ ಸಾಕ್ಷ್ಯ ನೀಲಗಿರಿಯದು, ಎರಡು ಸಾವಿರ ಮೀಟರಿಗೂ ಮೇಲಿನದು. ಅದನ್ನು ಕರ್ನಾಟಕಕ್ಕೆ ತರುವಾಗ ಎಚ್ಚರ ಬೇಕು. ಇಬ್ಬನಿ ಗಡ್ಡೆಕಟ್ಟುವ ರಾತ್ರಿಗಳು ನಮ್ಮ 1,500 ಮೀಟರಿನ ಬೆಟ್ಟಗಳಲ್ಲಿ ಅಪರೂಪ; ರಂಗನಾಥನ್ ಅವರ ಕಾರಣ ಇಲ್ಲಿ ದುರ್ಬಲ. ಇಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಗಾಳಿಗೆ ಮತ್ತು ಬಂಡೆಗೆ. ಚಂದ್ರದ್ರೋಣದ ಅರ್ಧಚಂದ್ರಾಕಾರದ ಏಣು ಕಬ್ಬಿಣದ ಪಟ್ಟೆಶಿಲೆಯಿಂದಾದದ್ದು. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಗೆ ಹೋದದ್ದೂ ಕುದುರೆಮುಖದ ಗಣಿ 2005ರ ಕೊನೆಯವರೆಗೆ ನಡೆದದ್ದೂ ಇಂಥ ಶಿಲೆಯಿಂದಲೇ. ಸುತ್ತಲಿನ ಮೆದುಕಲ್ಲು ಸವೆದುಹೋದಾಗ ಈ ಗಟ್ಟಿಶಿಲೆ ನಿಂತಿತು. ಹೀಗೆ ಎತ್ತರವನ್ನು ಕಾದಿಟ್ಟ ಶಿಲೆಯೇ ತನ್ನ ಮೇಲೆ ಮಣ್ಣು ಆಳವಾಗದಂತೆಯೂ ತಡೆದಿದೆ. ತೆಳುಮಣ್ಣು, ಮುಂಗಾರಿನಲ್ಲಿ ಬೇರು ಕೊಳೆಸುವ ನೀರು, ಬೇಸಿಗೆಯಲ್ಲಿ ಒಣ ಬಿಸಿಲು, ನಾಲ್ಕೂ ಕಾಲ ಗಾಳಿ. ಇಂಥಲ್ಲಿ ಹುಲ್ಲು ಗೆಲ್ಲುತ್ತದೆ. ಬೆಂಕಿ ಮತ್ತು ದನಕರುಗಳು ಕಾಡಿನ ಅಂಚನ್ನು ಹಿಂದೆ ತಳ್ಳಿರುವುದೂ ನಿಜ, ಮುಖ್ಯವಾಗಿ ಕೆಳಗಿನ ಇಳಿಜಾರುಗಳಲ್ಲಿ. ಆದರೆ ಏಣಿನ ಮೇಲಿನ ಹುಲ್ಲನ್ನು ಹಾಳಾದ ಕಾಡು ಎಂದು ಕರೆಯಲು ಆಧಾರವಿಲ್ಲ. ನೋಟ ಒಂದೇ ಆಗಿದ್ದರೂ ನೀಲಗಿರಿ ಮತ್ತು ಚಂದ್ರದ್ರೋಣದ ಹುಲ್ಲುಗಳ ಹಿಂದಿನ ಕಾರಣಗಳು ಬೇರೆ ಎಂಬುದನ್ನು ಒಪ್ಪಿಕೊಂಡರೆ ಎಂಬತ್ತು ವರ್ಷ ಮೀರಿದ ಈ ಜಗಳದ ಅರ್ಧ ತಾನಾಗಿ ಇಳಿಯುತ್ತದೆ.

ಎತ್ತರದ ನೆಲೆಗಳು ಒಂದರಿಂದೊಂದು ಬೇರ್ಪಟ್ಟಿವೆ. ನಡುವಿನ ಬಿಸಿ ಕಣಿವೆ ಶೋಲಾದ ಹಕ್ಕಿಗೆ ಕಡಲಿದ್ದಂತೆ. ಪಾಲಕ್ಕಾಡ್ ಕಂಡಿಯ ಅಗಲ ಮೂವತ್ತು ನಲವತ್ತು ಕಿಲೋಮೀಟರ್. ಹಾರಬಲ್ಲ ಹಕ್ಕಿಗೂ ಅದು ದಾಟದ ಅಡ್ಡಿಯಾಯಿತು. ಕಂಡಿಯ ಎರಡೂ ಬದಿಯ ಹಕ್ಕಿಗಳ ವಂಶವಾಹಿಗಳನ್ನು ಹೋಲಿಸಿದ ವಿ. ವಿ. ರಾಬಿನ್ ಮತ್ತು ಸಂಗಡಿಗರು 2017ರಲ್ಲಿ ಶೋಲಿಕೋಲಾ, ಮಾಂಟೆಸಿಂಕ್ಲಾ ಎಂಬ ಎರಡು ಹೊಸ ಕುಲಗಳನ್ನೇ ಹೆಸರಿಸಿದರು. ಇವುಗಳಲ್ಲಿ ಶೋಲಿಕೋಲಾ ಮೇಜರ್ ನೀಲಗಿರಿಯಿಂದ ಬಾಬಾಬುಡನ್‌ಗಿರಿಯವರೆಗಿನ ಶೋಲಾಗಳಿಗೆ ಸೀಮಿತ. ಕಪ್ಪೆಗಳ ಕಥೆ ಇನ್ನೂ ಸೂಕ್ಷ್ಮ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಹೇಳಿದ ಸಿ. ಆರ್. ನಾರಾಯಣರಾಯರ ನೆನಪಿಗೆ 2010ರಲ್ಲಿ ರಾವೋರ್ಕೆಸ್ಟಿಸ್ ಎಂದು ಹೆಸರಾದ ಪೊದೆಗಪ್ಪೆಗಳಿಗೆ ಗೊದಮೊಟ್ಟೆಯ ಹಂತವಿಲ್ಲ. ಮೊಟ್ಟೆಯೊಳಗೇ ಬೆಳೆದು ಪುಟ್ಟ ಕಪ್ಪೆಯಾಗಿ ಹೊರಬರುತ್ತವೆ. ಕೆರೆಕುಂಟೆ ನಿಲ್ಲದ ಏಣಿನ ಮೇಲೂ ಒದ್ದೆ ತರಗೆಲೆ ಸಿಕ್ಕರೆ ಸಾಕು. ಆದರೆ ಆ ಒದ್ದೆ ಕೊಡುವುದು ಮಂಜು. ಮೊಟ್ಟೆಗೆ ಚಿಪ್ಪಿಲ್ಲವಾದ್ದರಿಂದ ಕೆಲ ದಿನಗಳ ಒಣಗಾಳಿಯೂ ಒಂದು ಸಂಸಾರವನ್ನು ಮುಗಿಸಬಲ್ಲುದು. ನೀರಿನಿಂದ ಬಿಡುಗಡೆ ಪಡೆದ ಜೀವಿ ಮೋಡಕ್ಕೆ ಕಟ್ಟುಬಿದ್ದಿದೆ.

ಕೃಷಿ ಈ ಮೆಟ್ಟಿಲುಗಳನ್ನು ತನ್ನ ಅನುಭವದಿಂದಲೇ ಕಂಡುಕೊಂಡಿತು. ಬಾಬಾ ಬುಡನ್ ತಂದರೆನ್ನಲಾದ ಕಾಫಿ ಬೀಜ ಬೇರೂರಿದ್ದು ಚಂದ್ರದ್ರೋಣದ ಇಳಿಜಾರಿನಲ್ಲಿ. ಅರೇಬಿಕಾ ಸಾವಿರದಿಂದ ಒಂದೂವರೆ ಸಾವಿರ ಮೀಟರಿಗೆ ಒಗ್ಗುತ್ತದೆ. ತಂಪಿನಲ್ಲಿ ಹಣ್ಣು ನಿಧಾನ ಮಾಗಿ ರುಚಿ ಕಟ್ಟುತ್ತದೆ. ರೋಬಸ್ಟಾ ಅದರ ಕೆಳಗೆ. ಬಿಸಿ ಏರಿದಂತೆ ಬಿಳಿ ಕಾಂಡಕೊರಕದ ಹಾವಳಿ ಅರೇಬಿಕಾಕ್ಕೆ ಜಾಸ್ತಿ. ಬೆಳೆಗಾರ ರೋಬಸ್ಟಾಕ್ಕೆ ತಿರುಗಬಹುದು. ಶೋಲಾಕ್ಕೆ ಅಂಥ ಆಯ್ಕೆಯಿಲ್ಲ.

ಒಂದು ಸರಳ ಲೆಕ್ಕ ನೋಡಿ. ಹವೆ ಒಂದು ಡಿಗ್ರಿ ಬಿಸಿಯಾದರೆ ಹಿಂದಿನ ತಂಪನ್ನು ಉಳಿಸಿಕೊಳ್ಳಲು ಜೀವಿಯೊಂದು ಸುಮಾರು 150 ಮೀಟರ್ ಮೇಲೇರಬೇಕು. ನಮ್ಮ ಮೇಲುಹಂತ 1,400ಕ್ಕೆ ಶುರುವಾಗಿ 1,930ಕ್ಕೆ ಮುಗಿಯುತ್ತದೆ. ಒಟ್ಟು ಉಳಿಕೆ 530 ಮೀಟರ್, ಅಂದರೆ ಸುಮಾರು ಮೂರೂವರೆ ಡಿಗ್ರಿ ಮಾತ್ರ. ಮೇಲೇರಿದಷ್ಟೂ ನೆಲದ ವಿಸ್ತೀರ್ಣ ಕುಗ್ಗುವುದರಿಂದ ನೆತ್ತಿ ತಲುಪುವ ಮುನ್ನವೇ ಜಾಗ ತೀರುತ್ತದೆ. ನೀಲಗಿರಿಯಲ್ಲಿ ಇನ್ನೂ ಏಳುನೂರು ಮೀಟರ್ ಇದೆ. ಆದರೆ ನಡುವೆ ಕಣಿವೆಗಳಿವೆ. ಈ ಲೆಕ್ಕದಲ್ಲಿ ಮೋಡದ ತಳ ಎಷ್ಟು ಮೇಲೇರುತ್ತದೆ ಎಂಬುದು ಸೇರಿಲ್ಲ. ಕಪ್ಪೆಗಳಿಗೂ ಹಾವಸೆಗಳಿಗೂ ಅದು ಉಷ್ಣತೆಗಿಂತ ಮೊದಲು ಬರುವ ಸಂಕಟ.

ಇದರಿಂದ ಎರಡು ಕೆಲಸಗಳು ತುರ್ತಾಗಿ ಆಗಬೇಕು. ಏಣುಗಳ ಮೇಲಿನ ಹುಲ್ಲುಗಾವಲಿನಲ್ಲಿ ಅಕೇಶಿಯಾವಾಗಲಿ ಬೇರಾವ ಸಸಿಯಾಗಲಿ ನೆಡುವುದನ್ನು, ಅದು ಹಸಿರೀಕರಣದ ಹೆಸರಿನಲ್ಲಿದ್ದರೂ, ಪೂರ್ಣವಾಗಿ ನಿಲ್ಲಿಸಬೇಕು. ಇನ್ನೊಂದು ಕೆಲಸ ಓದುಗರಲ್ಲಿ ಹಲವರ ಕೈಯಲ್ಲೇ ಇದೆ. ಚಿಕ್ಕಮಗಳೂರು, ಹಾಸನ, ಕೊಡಗಿನ ಕಾಫಿ ತೋಟಗಳಲ್ಲಿ ತಲೆಮಾರುಗಳಿಂದ ದಿನದಿನದ ಮಳೆಯನ್ನು ಅಳೆದು ಬರೆದಿಟ್ಟ ಪುಸ್ತಕಗಳಿವೆ. ಬೇರೆ ಬೇರೆ ಎತ್ತರಗಳಲ್ಲಿ, ಬೇರೆ ಬೇರೆ ಮಗ್ಗುಲುಗಳಲ್ಲಿ ಇಷ್ಟು ದಟ್ಟವಾದ ದಾಖಲೆ ಯಾವ ಸರ್ಕಾರಿ ಮಾಪನ ಜಾಲದಲ್ಲೂ ಸಿಗಲಾರದು. ಆ ಪುಸ್ತಕಗಳು ಗೆದ್ದಲಿಗೆ ಹೋಗುವ ಮುನ್ನ ಅವನ್ನು ನಕಲು ಮಾಡಿಸಿ, ತೋಟದ ಎತ್ತರ ಮತ್ತು ಇಳಿಜಾರಿನ ದಿಕ್ಕನ್ನು ನಮೂದಿಸಿ, ಹತ್ತಿರದ ವಿಶ್ವವಿದ್ಯಾಲಯಕ್ಕೆ ತಲುಪಿಸಬೇಕೆಂದು ತೋಟದ ಮನೆತನಗಳನ್ನು ಕೇಳಿಕೊಳ್ಳುತ್ತೇನೆ.