ನವಜಾತ ಶಿಶುವಿನ ಜೀವನಿರ್ಣಯ ಮತ್ತು ವೈದ್ಯರ ಸಮಾಲೋಚನೆ: ಅಮೆರಿಕದ ಒಂದು ಪ್ರಕರಣ

ಬದುಕುವ ಆಶೆ ಕ್ಷೀಣವಾಗಿರುವ ನವಜಾತ ಶಿಶುವಿನ ಚಿಕಿತ್ಸೆಯನ್ನು ಮುಂದುವರಿಸಬೇಕೆ, ನಿಲ್ಲಿಸಬೇಕೆ ಎಂಬುದನ್ನು ವೈದ್ಯನೊಬ್ಬನೇ ನಿರ್ಣಯಿಸಬಾರದೆಂಬುದು ಇಂದು ವೈದ್ಯಲೋಕದಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಮಾತು. ಆದರೆ ಈ ಸಮಾಲೋಚನೆಯ ಕ್ರಮ ಬಹು ಹಳೆಯದೇನಲ್ಲ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗು ದಿನ ತುಂಬುವ ಮೊದಲೇ ಜನಿಸಿ, ಉಸಿರಾಟದ ಬೇನೆಯಿಂದ ಎರಡು ದಿನವೂ ಬದುಕದೆ ತೀರಿಕೊಂಡಿತು. ಅಂದು ವೈದ್ಯರ ಕೈಯಲ್ಲಿದ್ದ ಉಪಾಯಗಳು ಅಷ್ಟೇ. ಮುಂದೆ ಉಸಿರಾಟದ ಯಂತ್ರಗಳು ಬಂದುವು. ಅವುಗಳೊಡನೆ, ಎಲ್ಲಿ ನಿಲ್ಲಬೇಕೆಂಬ ಸಂದಿಗ್ಧವೂ ಬಂದಿತು.

ಈ ಸಂದಿಗ್ಧವನ್ನು ಬಹಿರಂಗಕ್ಕೆ ತಂದವರಲ್ಲಿ ಡಫ್ ಮತ್ತು ಕ್ಯಾಂಪ್‌ಬೆಲ್ ಎಂಬ ಮಕ್ಕಳ ವೈದ್ಯರು ಪ್ರಮುಖರು. ಯೇಲ್ ವಿಶ್ವವಿದ್ಯಾನಿಲಯದ ಆಸ್ಪತ್ರೆಯ ವಿಶೇಷ ಶಿಶುವಿಭಾಗದಲ್ಲಿ ಸಂಭವಿಸಿದ 299 ಮರಣಗಳ ಪೈಕಿ 43 ಚಿಕಿತ್ಸೆಯನ್ನು ತಡೆಹಿಡಿದುದಕ್ಕೆ ಸಂಬಂಧಿಸಿದವೆಂದು 1973ರಲ್ಲಿ ಅವರು ಪ್ರಕಟಿಸಿದರು. ತಂದೆತಾಯಿಗಳೊಡನೆ ಮಾತನಾಡಿಯೇ ಹಾಗೆ ಮಾಡಿದೆವೆಂಬುದು ಅವರ ನಿಲುವು. ಮುಚ್ಚಿಡಬಹುದಾಗಿದ್ದ ಸಂಗತಿಯನ್ನು ಎಣಿಕೆಸಹಿತ ಮುಂದಿಟ್ಟ ಅವರ ಧೈರ್ಯವನ್ನು, ಅವರ ನಿಲುವನ್ನು ಒಪ್ಪದವರೂ ಮೆಚ್ಚಬೇಕು.

1982ರ ಏಪ್ರಿಲ್ 9ರಂದು ಇಂಡಿಯಾನಾ ಸಂಸ್ಥಾನದ ಬ್ಲೂಮಿಂಗ್ಟನ್ನಿನಲ್ಲಿ ಡೌನ್ ಸಿಂಡ್ರೋಮ್ ಇದ್ದ ಶಿಶುವೊಂದು ಜನಿಸಿತು. ಅದರ ಅನ್ನನಾಳ ಹೊಟ್ಟೆಯವರೆಗೆ ತಲುಪಿರಲಿಲ್ಲ, ಶಸ್ತ್ರಚಿಕಿತ್ಸೆಯಿಲ್ಲದೆ ಹಾಲುಣ್ಣುವಂತಿರಲಿಲ್ಲ. ತಂದೆತಾಯಿಗಳು ಶಸ್ತ್ರಚಿಕಿತ್ಸೆಯನ್ನು ನಿರಾಕರಿಸಿದರು. ನ್ಯಾಯಾಲಯಗಳು ನಡುವೆ ಬರಲೊಪ್ಪಲಿಲ್ಲ. ಏಪ್ರಿಲ್ 15ರಂದು ಮಗು ತೀರಿಕೊಂಡಿತು. ನ್ಯಾಯಾಲಯದ ಕಡತದಲ್ಲಿ ಅದು ಹೆಸರು ಮರೆಸಿದ ‘ಇನ್‌ಫಂಟ್ ಡೋ’ ಮಾತ್ರ.

ಯಾರೊಬ್ಬರನ್ನೂ ಕೇಳದೆ ಆ ಮಗುವನ್ನು ಸಾಯಗೊಟ್ಟರೆಂಬ ಭಾವನೆ ಸರಿಯಲ್ಲವೆಂದು ನಮಗೆ ತೋರುತ್ತದೆ. ವೈದ್ಯರು ಕೂಡಿದ್ದರು, ಮಾತನಾಡಿದ್ದರು, ಭಿನ್ನಾಭಿಪ್ರಾಯವನ್ನೂ ತಾಳಿದ್ದರು. ಶಸ್ತ್ರಚಿಕಿತ್ಸೆ ಬೇಡವೆನ್ನುವುದೂ ಒಂದು ದಾರಿಯೆಂದು ಪ್ರಸೂತಿ ವೈದ್ಯರು ಹೇಳಿದರೆ, ಮಗುವನ್ನು ಶಸ್ತ್ರಚಿಕಿತ್ಸೆಗೆ ಒಯ್ಯಬೇಕೆಂಬ ಸಲಹೆಯೂ ಬೇರೆ ವೈದ್ಯರಿಂದ ಬಂದಿತು. ಇಲ್ಲದಿದ್ದುದು ಸಮಾಲೋಚನೆಯಲ್ಲ, ವೈದ್ಯರ ಮತ ಎರಡಾದಾಗ ಅದನ್ನು ತೂಗಿನೋಡುವ ಕ್ರಮ. ಎರಡು ಮತಗಳ ಭಾರವನ್ನೂ ಹೆತ್ತವರ ಹೆಗಲಿಗೇ ಹೊರಿಸಲಾಯಿತು.

ಸರ್ಕಾರದ ಮೊದಲ ಪ್ರತಿಕ್ರಿಯೆ ಒರಟಾಗಿತ್ತು. ಅಂಗವಿಕಲ ಶಿಶುಗಳಿಗೆ ಆಹಾರ, ಚಿಕಿತ್ಸೆಗಳನ್ನು ನಿರಾಕರಿಸಿದಲ್ಲಿ ದೂರು ಕೊಡಲು ದೂರವಾಣಿ ಸಂಖ್ಯೆಯನ್ನು ಆಸ್ಪತ್ರೆಗಳಲ್ಲಿ ತೂಗುಹಾಕಬೇಕೆಂದು 1983ರ ಮಾರ್ಚಿನಲ್ಲಿ ಆಜ್ಞೆಯಾಯಿತು. ಮರುತಿಂಗಳೇ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 1984ರ ನಿಯಮವು ಆಸ್ಪತ್ರೆಗಳಲ್ಲಿ ಶಿಶು ಪರಿಶೀಲನಾ ಸಮಿತಿಗಳನ್ನು ರಚಿಸಲು ಪ್ರೋತ್ಸಾಹವಿತ್ತಿತು. ಸರ್ವೋಚ್ಚ ನ್ಯಾಯಾಲಯವು 1986ರಲ್ಲಿ ಆ ನಿಯಮದ ಕಡ್ಡಾಯ ಭಾಗಗಳನ್ನು ರದ್ದುಗೊಳಿಸಿತಾದರೂ ಸಮಿತಿಯ ಕಲ್ಪನೆ ಅಳಿಯಲಿಲ್ಲ. ಆ ಮಾದರಿ ಸಮಿತಿಯಲ್ಲಿ ವೈದ್ಯರೊಡನೆ ದಾದಿ, ಸಮಾಜಸೇವಾ ಕಾರ್ಯಕರ್ತ, ಅಂಗವಿಕಲರ ಸಂಘದ ಪ್ರತಿನಿಧಿ ಮತ್ತು ಊರಿನ ಸಾಮಾನ್ಯ ನಾಗರಿಕನಿಗೂ ಸ್ಥಾನವಿದ್ದಿತು. ಜೀವ ಉಳಿಸುವ ಪಕ್ಷದ ವಾದಗಳನ್ನೆಲ್ಲ ಮಗುವಿನ ಪರವಾಗಿ ಮಂಡಿಸುವ ಹೊಣೆಯನ್ನು ಸದಸ್ಯರಲ್ಲೊಬ್ಬರು ಹೊರಬೇಕೆಂದೂ ಅದರಲ್ಲಿ ಸೂಚಿಸಲಾಗಿದ್ದಿತು.