ಪಾಲುಗೋಡೆಯ ಮನೆಗಳು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬುದು ನಮ್ಮ ಹಿರಿಯರ ಮಾತು. ಹಳೆಯ ಮನೆಯನ್ನು ಕೊಂಡು ರಿಪೇರಿ ಮಾಡಿಸುವವನ ಪಾಡನ್ನು ಈ ಗಾದೆ ಏಕೋ ಬಿಟ್ಟುಬಿಟ್ಟಿದೆ. ಕಟ್ಟುವವನಿಗೆ ತನ್ನ ತಪ್ಪುಗಳಷ್ಟೇ ಎದುರಾಗುತ್ತವೆ. ಹಳೆಯದನ್ನು ಕೊಳ್ಳುವವನಿಗೆ ತನಗಿಂತ ಮೊದಲು ಅಲ್ಲಿ ಬಾಳಿಹೋದ ನಾಲ್ಕು ತಲೆಮಾರಿನವರ ತಪ್ಪುಗಳು ಎದುರಾಗುತ್ತವೆ. ಆ ಮನೆ ಸಾಲಿನಲ್ಲಿ ಒಂದಾಗಿದ್ದರಂತೂ ಎಡಬಲದ ನೆರೆಯವರ ತಪ್ಪುಗಳೂ ಅವುಗಳೊಡನೆ ಸೇರಿಕೊಳ್ಳುತ್ತವೆ. ಈ ದಿನ ನಾನು ಹೇಳಹೊರಟಿರುವುದು ಅಂಥ ಸಾಲುಮನೆಗಳ ಚರಿತ್ರೆ. ಅದು ಬಹುಮಟ್ಟಿಗೆ ಇಂಗ್ಲೆಂಡಿನ ಚರಿತ್ರೆ. ಆದರೂ ಅದರಲ್ಲಿ ನಮ್ಮವರ ಪಾಲೂ ಉಂಟು.

ಮೊದಲು ಒಂದು ಮಾತಿನ ಗೋಜನ್ನು ಬಿಡಿಸಬೇಕು. ನಮ್ಮಲ್ಲಿ 'ತಾರಸಿ ಮನೆ' ಎಂದರೆ ಮೇಲೆ ಸಮತಟ್ಟಾದ ಮಾಳಿಗೆಯುಳ್ಳ ಮನೆ. ಇಂಗ್ಲೆಂಡಿನಲ್ಲಿ ಅದೇ ಮೂಲದ 'ಟೆರೇಸ್' ಎಂಬ ಮಾತಿಗೆ ಛಾವಣಿಯ ಸಂಬಂಧವೇ ಇಲ್ಲ. ಬೀದಿಯುದ್ದಕ್ಕೂ ಒಂದಕ್ಕೊಂದು ಅಂಟಿಕೊಂಡು, ನಡುಗೋಡೆಗಳನ್ನು ಹಂಚಿಕೊಂಡು ನಿಂತ ಮನೆಗಳ ಸಾಲಿಗೆ ಅಲ್ಲಿ ಆ ಹೆಸರು. ಹಂಚಿಕೊಂಡ ಆ ಗೋಡೆಯನ್ನು ನಾನು ಪಾಲುಗೋಡೆ ಎಂದು ಕರೆಯುತ್ತೇನೆ. ಈ ಮನೆಗಳ ಕಥೆಯೆಲ್ಲ ಆ ಗೋಡೆಯ ಕಥೆಯೇ.

1666ರ ಸೆಪ್ಟೆಂಬರಿನಲ್ಲಿ ಲಂಡನ್ ನಗರ ನಾಲ್ಕು ದಿನ ಉರಿಯಿತು. ಸುಮಾರು 13,200 ಮನೆಗಳು ಬೂದಿಯಾದವು. ಮರದ ಮನೆಗಳು ಒತ್ತೊತ್ತಾಗಿದ್ದುದೇ ಬೆಂಕಿಗೆ ಹಾದಿಯಾಯಿತು. ಮರುವರ್ಷ, 1667ರಲ್ಲಿ, ಪುನರ್ನಿರ್ಮಾಣದ ಶಾಸನವಾಯಿತು. ಮನೆಯ ಗೋಡೆಗಳು ಇಟ್ಟಿಗೆಯವೋ ಕಲ್ಲಿನವೋ ಆಗಿರತಕ್ಕದ್ದು. ಮನೆಗಳಲ್ಲಿ ನಾಲ್ಕು ತರಗತಿ. ಒಂದೊಂದು ತರಗತಿಗೂ ಗೋಡೆಯ ದಪ್ಪ ಇಷ್ಟೆಂಬ ನಿಯಮ. ನಡುಗೋಡೆಯನ್ನು ಇಬ್ಬರ ನೆಲದಲ್ಲೂ ಸಮಸಮನಾಗಿ ಎಬ್ಬಿಸಬೇಕು. ಮೊದಲು ಕಟ್ಟಿದವನಿಗೆ ಅನಂತರ ಕಟ್ಟುವವನು ಅದರ ಅರ್ಧ ಖರ್ಚನ್ನು ಕೊಡಬೇಕು. ನೆರೆಯವನ ಹಂಗು ಹೀಗೆ ಕಾನೂನಿನ ಮಾತಾಯಿತು. ಆ ಗೋಡೆ ಬೆಂಕಿಯನ್ನು ತಡೆಯುವ ಕೋಟೆ. ಜೊತೆಗೆ ಇಬ್ಬರಿಗೂ ಸೇರಿದ ಆಸ್ತಿ.

ಸುಟ್ಟ ಊರನ್ನು ಕಟ್ಟುವುದು ಕೆಲವರಿಗೆ ವ್ಯಾಪಾರವಾಯಿತು. ನಿಕೊಲಸ್ ಬಾರ್ಬನ್ ಎಂಬಾತ ವೈದ್ಯವಿದ್ಯೆ ಕಲಿತವನು. ಹೆಸರಾದದ್ದು ಮಾತ್ರ ಮನೆಗಳ ವ್ಯಾಪಾರಿಯಾಗಿ. ಬೆಂಕಿವಿಮೆಯನ್ನು ಮೊದಲು ನಡೆಸಿದವರಲ್ಲಿಯೂ ಅವನೊಬ್ಬ. ನೆಲವನ್ನು ಗುತ್ತಿಗೆಗೆ ಹಿಡಿದು, ಬೀದಿಗಳಾಗಿ ಸೀಳಿ, ಒಂದೇ ಅಚ್ಚಿನ ಮನೆಗಳನ್ನು ಎಬ್ಬಿಸಿ ಮಾರುವ ಕ್ರಮ ಅವನ ಕಾಲದಲ್ಲಿ ಬೇರೂರಿತು. ನೆಲ ಜಮೀನ್ದಾರನದು, ಮನೆ ಗುತ್ತಿಗೆಯ ಅವಧಿ ಇರುವತನಕ ಕೊಂಡವನದು. ತೊಂಬತ್ತೊಂಬತ್ತು ವರ್ಷಕ್ಕೆ ನೆಲ ಹಿಂದಿರುಗುವುದಾದರೆ ನೂರೈವತ್ತು ವರ್ಷ ಬಾಳುವ ಗೋಡೆಯನ್ನು ಏಕೆ ಕಟ್ಟಬೇಕು? ಇಂದಿನ ಕೊಳ್ಳುಗನು ಗೋಡೆಯಲ್ಲಿ ಕಾಣುವ ಬಿರುಕುಗಳಲ್ಲಿ ಕೆಲವಕ್ಕೆ ಇಂಥ ಲೆಕ್ಕಾಚಾರವೇ ಕಾರಣ.

ಸಿರಿವಂತರ ಸಾಲುಮನೆಗಳಲ್ಲೂ ಈ ಎರಡುತನ ಉಂಟು. ಬಾತ್ ಪಟ್ಟಣದ ರಾಯಲ್ ಕ್ರೆಸೆಂಟ್ ಅರ್ಧಚಂದ್ರಾಕಾರದ ಮೂವತ್ತು ಮನೆಗಳ ಸಾಲು. 1767ರಿಂದ 1774ರವರೆಗೆ ಕಿರಿಯ ಜಾನ್ ವುಡ್ ಕಟ್ಟಿಸಿದ್ದು. ಮುಂದೆ ನಿಂತರೆ ಒಂದೇ ಅರಮನೆಯಂತೆ ಕಾಣುತ್ತದೆ. ಆದರೆ ವುಡ್ ರೂಪಿಸಿದ್ದು ಆ ಮುಖವನ್ನು. ಕೊಂಡವರು ತಮ್ಮ ತಮ್ಮ ಪಾಲಿನ ಮುಖದ ಹಿಂದೆ ಮನಬಂದಂತೆ ಮನೆ ಕಟ್ಟಿಸಿಕೊಂಡರು. ಬೀದಿಗೆ ಒಂದೇ ಮುಖ, ಹಿತ್ತಿಲಿಗೆ ಮೂವತ್ತು ಮುಖ.

ಹತ್ತೊಂಬತ್ತನೆಯ ಶತಮಾನದಲ್ಲಿ ಗಿರಣಿಗಳು ಬಂದವು. ಅವುಗಳ ಹಿಂದೆ ಕೂಲಿಗಾರರ ಸಾಲುಗಳು ಬಂದವು. ಲೀಡ್ಸ್, ಬರ್ಮಿಂಗ್‌ಹ್ಯಾಮ್ ಮೊದಲಾದೆಡೆ ಬೆನ್ನಿಗೆ ಬೆನ್ನು ಹಚ್ಚಿದ ಮನೆಗಳೂ ಎದ್ದವು. ಅವುಗಳಿಗೆ ಹಿತ್ತಿಲಿಲ್ಲ, ಹಿಂಬಾಗಿಲಿಲ್ಲ; ಮೂರು ಕಡೆ ಪರರ ಗೋಡೆ, ಒಂದು ಕಡೆ ಮಾತ್ರ ಗಾಳಿ. ಕಕ್ಕಸು ಅಂಗಳದಲ್ಲಿ, ಹಲವು ಕುಟುಂಬಗಳಿಗೆ ಒಂದು. ಎಡ್ವಿನ್ ಚಾಡ್ವಿಕ್ 1842ರಲ್ಲಿ ಕೂಲಿಗಾರರ ಆರೋಗ್ಯದ ವರದಿಯನ್ನು ಹೊರತಂದ ಮೇಲೆ ಆಳುವವರ ಕಣ್ಣು ಸ್ವಲ್ಪ ತೆರೆಯಿತು. 1875ರ ಸಾರ್ವಜನಿಕ ಆರೋಗ್ಯ ಶಾಸನದ ಬಲದಿಂದ ಪುರಸಭೆಗಳು ಉಪನಿಯಮಗಳನ್ನು ಮಾಡಿದವು: ಬೀದಿ ಇಷ್ಟು ಅಗಲ, ಪ್ರತಿ ಮನೆಗೂ ಹಿತ್ತಿಲು, ನೆಲದ ಶೈತ್ಯ ಗೋಡೆಗೆ ಏರದಂತೆ ಬುಡದಲ್ಲೊಂದು ತಡೆಪದರ. ಬೆನ್ನುಮನೆಗಳನ್ನು 1909ರಲ್ಲಿ ಕಾನೂನು ನಿಷೇಧಿಸಿತು. ಲೀಡ್ಸಿನಲ್ಲಿ ಆದರೂ 1937ರ ತನಕ ಅವು ಏಳುತ್ತಲೇ ಇದ್ದವು. ಕಾನೂನು ಮುಂದೆ ಹೋಗುತ್ತದೆ, ಇಟ್ಟಿಗೆ ನಿಧಾನವಾಗಿ ಹಿಂಬಾಲಿಸುತ್ತದೆ.

ಎರಡನೆಯ ಮಹಾಯುದ್ಧದ ತರುವಾಯ ಇಂಥ ಬೀದಿಗಳ ಮೇಲೆ ಸರ್ಕಾರದ ಕೆಂಪುಗೆರೆ ಬಿತ್ತು. 1955ರಿಂದ ಎರಡು ದಶಕಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳು ನೆಲಸಮವಾದವು. ಅವುಗಳಲ್ಲಿ ಬಹಳಷ್ಟು ಬಾಳಲಾರದ ಗೂಡುಗಳೇ. ಅವು ಹೋದದ್ದಕ್ಕೆ ಯಾರೂ ಅಳಬೇಕಾಗಿಲ್ಲ. ಆದರೆ ಒಂದು ಮನೆ ಸತ್ತಿದೆಯೆಂದು ತೀರ್ಮಾನಿಸುವವರು ಯಾರು? ಅದರೊಳಗೆ ಬಾಳುವವರೇ, ನಕ್ಷೆಯನ್ನು ಹರಡಿಕೊಂಡು ಕುಳಿತ ಅಧಿಕಾರಿಗಳೇ? ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರ ದೊರೆತದ್ದು ಮ್ಯಾಕಲ್ಸ್‌ಫೀಲ್ಡ್ ಎಂಬ ಚಿಕ್ಕ ಊರಿನಲ್ಲಿ. 1970ರ ದಶಕದ ಆದಿಯಲ್ಲಿ ರಾಡ್ ಹ್ಯಾಕ್ನಿ ಎಂಬ ತರುಣ ವಾಸ್ತುಶಿಲ್ಪಿ ಅಲ್ಲಿನ ಬ್ಲ್ಯಾಕ್ ರೋಡಿನಲ್ಲಿ ಹಳೆಯ ಸಾಲುಮನೆಯೊಂದನ್ನು ಕೊಂಡ. ಸ್ನಾನದ ಮನೆಗೆ ಸಹಾಯಧನ ಕೇಳಿದರೆ, ಸಾಲೆಲ್ಲ ಕೆಡವುವ ಪಟ್ಟಿಯಲ್ಲಿದೆ, ಕೊಡಲಾಗದು ಎಂಬ ಉತ್ತರ ಬಂತು. ಅವನು ನೆರೆಹೊರೆಯವರನ್ನು ಕೂಡಿಸಿದ. 1969ರ ವಸತಿ ಶಾಸನ ಹಳೆಯ ಬೀದಿಗಳನ್ನು ಕೆಡವದೆ ಸುಧಾರಿಸಲು ಹಣ ಕೊಡುವ ದಾರಿಯನ್ನು ತೆರೆದಿತ್ತು. ಅದನ್ನು ಹಿಡಿದು, ಬೀದಿಯವರು ತಾವೇ ಕೈಕೆಸರು ಮಾಡಿಕೊಂಡು ದುಡಿದು, ಮನೆಗಳನ್ನು ಉಳಿಸಿಕೊಂಡರು. ಹ್ಯಾಕ್ನಿ 1987ರಲ್ಲಿ ಬ್ರಿಟಿಷ್ ವಾಸ್ತುಶಿಲ್ಪಿಗಳ ರಾಯಲ್ ಸಂಸ್ಥೆಗೆ ಅಧ್ಯಕ್ಷನಾದ.

ನಮ್ಮವರ ಪಾಲು ಬರುವುದೂ ಈ ಕಾಲದಲ್ಲಿಯೇ. 1950–60ರ ದಶಕಗಳಲ್ಲಿ ಪಂಜಾಬು, ಗುಜರಾತುಗಳಿಂದ ಹೋದವರಿಗೆ ಬಾಡಿಗೆ ಮನೆ ಸಿಗುವುದೇ ದುರ್ಲಭವಾಗಿತ್ತು. ಬಣ್ಣ ನೋಡಿ ಬಾಗಿಲು ಮುಚ್ಚುವವರಿದ್ದರು. ವಸತಿಯಲ್ಲಿ ಅಂಥ ಭೇದವನ್ನು ಕಾನೂನು ನಿಷೇಧಿಸಿದ್ದು 1968ರಲ್ಲಿ. ಪುರಸಭೆಯ ಮನೆಗೆ ಕಾಯುವ ಪಟ್ಟಿ ಉದ್ದ. ಹಳೆಯ ಮನೆಯ ಮೇಲೆ ಸಾಲ ಕೊಡಲು ಸಂಸ್ಥೆಗಳಿಗೆ ಹಿಂಜರಿಕೆ. ಬಂಧುಗಳು, ಊರಿನವರು ಹಣ ಕೂಡಿಸಿ, ಬೇರೆಯವರು ಬಿಟ್ಟುಹೋಗುತ್ತಿದ್ದ ಸಾಲುಮನೆಗಳನ್ನು ಕೊಂಡರು. 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಹೊರಗಟ್ಟಿದ ಭಾರತೀಯರು ಲೆಸ್ಟರಿಗೆ ಬಂದಾಗಲೂ ನೆಲೆಯಾದದ್ದು ಇಂಥ ಬೀದಿಗಳೇ. ತಮ್ಮಲ್ಲಿಗೆ ಬರಬೇಡಿರೆಂದು ಆ ಊರಿನ ಪುರಸಭೆ ಉಗಾಂಡದ ಪತ್ರಿಕೆಯಲ್ಲಿ ಜಾಹೀರಾತನ್ನೇ ಕೊಟ್ಟಿತ್ತು! ಬಂದವರು ಸೋರುವ ಮಾಡನ್ನು ಹೊದಿಸಿದರು, ಬೀದಿಯ ತಲೆಯಲ್ಲಿ ಅಂಗಡಿ ತೆರೆದರು. ಇಂದು ಬೆಲ್‌ಗ್ರೇವಿನ ದೀಪಾವಳಿಯನ್ನು ನೋಡಲು ಊರೆಲ್ಲ ಸೇರುತ್ತದೆ.

ಕೊಳ್ಳುವವನು ತಿಳಿದಿರಬೇಕಾದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಹಳೆಯ ಸಾಲುಮನೆಯ ಗೋಡೆ ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ಅದು ಮಳೆಯ ತೇವವನ್ನು ಕುಡಿಯುತ್ತದೆ, ಒಣಹವೆಯಲ್ಲಿ ಹೊರಬಿಡುತ್ತದೆ. ಎಂದರೆ ಗೋಡೆ ಉಸಿರಾಡುತ್ತದೆ. ಗಟ್ಟಿಯಾಗಲೆಂದು ಅದರ ಸಂದುಗಳಿಗೆ ಸಿಮೆಂಟು ತುಂಬಿದರೆ ನೀರು ಹೊರದಾರಿ ಕಾಣದೆ ಒಳಗೇ ನಿಲ್ಲುತ್ತದೆ. ಚಳಿಗೆ ಹೆಪ್ಪುಗಟ್ಟಿ ಇಟ್ಟಿಗೆಯ ಮುಖವನ್ನೇ ಸಿಡಿಸುತ್ತದೆ. ರೋಗಕ್ಕಿಂತ ಮದ್ದೇ ಮಾರಕ. ನಮ್ಮ ಅಗ್ರಹಾರಗಳ ಗಾರೆಗೋಡೆಗಳಿಗೆ ಸಿಮೆಂಟು ಬಳಿದು, ಬಣ್ಣ ಹೊಡೆದು, ಮರುವರ್ಷವೇ ಗೋಡೆ ಉಬ್ಬಿತೆಂದು ಗೊಣಗುವವರಿಗೂ ಈ ಮಾತು ಸಲ್ಲುತ್ತದೆ. ಹಳೆಯದನ್ನು ಉಳಿಸಬೇಕಾದರೆ ಅದರ ಸ್ವಭಾವವನ್ನು ಮೊದಲು ಅರಿಯಬೇಕು.

ಈ ಕಥೆ ಮುಗಿದುಹೋದದ್ದಲ್ಲ. 2002ರಲ್ಲಿ ಉತ್ತರ ಇಂಗ್ಲೆಂಡಿನಲ್ಲಿ ಮತ್ತೆ ಸಾಲುಗಳನ್ನು ಕೆಡವುವ ಯೋಜನೆ ಹೊರಟಿತು, 2011ರಲ್ಲಿ ನಿಂತಿತು. ಲಿವರ್‌ಪೂಲಿನ ಗ್ರಾನ್‌ಬಿ ಬೀದಿಗಳಲ್ಲಿ ಉಳಿದ ಕೆಲವೇ ನಿವಾಸಿಗಳು ಮುಚ್ಚಿದ ಕಿಟಕಿಗಳಿಗೆ ಬಣ್ಣ ಬಳಿದರು, ಕುಂಡಗಳಲ್ಲಿ ಹೂ ಬೆಳೆದರು, ಕೊನೆಗೆ ಭೂನ್ಯಾಸವೊಂದನ್ನು ಕಟ್ಟಿ ಮನೆಗಳನ್ನು ಉಳಿಸಿದರು. ಅವರೊಡನೆ ದುಡಿದ 'ಅಸೆಂಬಲ್' ತಂಡಕ್ಕೆ 2015ರಲ್ಲಿ ಕಲೆಯ ಟರ್ನರ್ ಪ್ರಶಸ್ತಿ ಬಂತು. ಆ ಊರಿನ ಪುರಸಭೆ 2013ರಲ್ಲಿ ಪಾಳುಮನೆಗಳನ್ನು ಒಂದು ಪೌಂಡಿಗೆ ಮಾರಹೊರಟಿತು. ಬೆಲೆ ಒಂದು ಪೌಂಡು. ಷರತ್ತು, ರಿಪೇರಿ ಮಾಡಿ ತಾನೇ ಬಾಳಬೇಕೆಂಬುದು. ಮನೆಯ ನಿಜವಾದ ಬೆಲೆ ಷರತ್ತಿನಲ್ಲಿತ್ತು.

ಅದೇ 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಲಂಡನ್ನಿನ ಕಿಂಗ್ ಹೆನ್ರೀಸ್ ರೋಡಿನ ಹತ್ತನೆಯ ನಂಬರಿನ ಸಾಲುಮನೆಯನ್ನು ಕೊಂಡಿತು. 1921–22ರಲ್ಲಿ ವಿದ್ಯಾರ್ಥಿಯಾಗಿದ್ದ ಡಾ. ಅಂಬೇಡ್ಕರ್ ಅಲ್ಲಿ ವಾಸವಾಗಿದ್ದರು. ಅದನ್ನು ಸ್ಮಾರಕವಾಗಿಸುವುದಕ್ಕೆ ಆಕ್ಷೇಪಗಳು ಬಂದು, 2020ರಲ್ಲಿ ಒಪ್ಪಿಗೆ ದೊರೆಯಿತು. ಸ್ವದೇಶದಲ್ಲಿ ನೆರೆಯಾಗಿ ನಿಲ್ಲಲು ಯಾರಿಗೆ ಅವಕಾಶವಿರಲಿಲ್ಲವೋ ಅವರು ಎರಡೂ ಬದಿಗೆ ಪಾಲುಗೋಡೆಯಿದ್ದ ಮನೆಯಲ್ಲಿ ಕುಳಿತು ಓದಿದರು ಎಂಬುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಪಾಲುಗೋಡೆಗೆ ಕೈಹಚ್ಚುವವನು ಮುಂಚಿತವಾಗಿ ನೆರೆಯವನಿಗೆ ತಿಳಿಸಬೇಕೆಂದು 1996ರ ಶಾಸನ ಹೇಳುತ್ತದೆ. 1667ರ ವಿವೇಕವೇ ಅಲ್ಲಿ ಮುಂದುವರಿದಿದೆ. ಸಾಲುಮನೆಯನ್ನು ಕೊಳ್ಳುವವನು ಮೂರು ಗೋಡೆಗಳ ನಡುವೆ ಬಾಳುತ್ತೇನೆಂದರೂ ಸಾಗದು. ನಾಲ್ಕನೆಯದು ನೆರೆಯವನ ಒಪ್ಪಿಗೆಯಿಂದಲೇ ನಿಲ್ಲತಕ್ಕದ್ದು.